ಹಲಗೆ ಹಿಡಿದವನು

ಸಾನ್ ರುಫಿಲ್ಲೊ, ರೊಮಾನ್ಯ
ಜುಲೈ 9, 1953

ನೆರಿಯೊ,

ಆಶೀರ್ವಾದ ಹಂಚುವುದು ಪಾದ್ರಿಯ ಕಸುಬು, ಗಡ್ಡ ಹೆರೆಯುವುದು ನನ್ನದು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಈ ವಾರವೆಲ್ಲ ನನ್ನ ಅಂಗಡಿಯಲ್ಲೇ ನನ್ನ ಮಾನ ಮೂರು ಕಾಸಿಗೆ ಹರಾಜಾಗಿದೆ. ಅದಕ್ಕೆ ಕಾರಣ ನೀನು.

ಭಾನುವಾರ ನಮ್ಮ ಕಮ್ಯುನಿಸ್ಟ್ ಪಕ್ಷದ ಮನೆಯಲ್ಲಿ ಊರಿಗೆ ಊರೇ ರೇಡಿಯೊ ಮುಂದೆ ಕೂತಿತ್ತು. ಫ್ರಾನ್ಸಿನ ರೇಸು, ನಮ್ಮ ಕ್ಷೌರಿಕನ ಮಗ ಎರಡನೇ ಸ್ಥಾನದಲ್ಲಿ! ನಾನು ಮೇಜಿನ ಮೇಲೆ ಹತ್ತಿ ನಿಂತಿದ್ದೆ. ಸುಳ್ಳಲ್ಲ, ನಿನ್ನಮ್ಮನನ್ನು ಕೇಳು. ಅಷ್ಟರಲ್ಲಿ ನಿಮ್ಮ ತಂಡದ ಹಿರಿಯ ಬಲ್ದುಚ್ಚಿಯ ಎಂಜಿನ್ ಕೈಕೊಟ್ಟಿತು ಅಂದರು. ಎಲ್ಲರೂ ಅಯ್ಯೋ ಪಾಪ ಅಂದೆವು. ಸ್ವಲ್ಪ ಹೊತ್ತಿಗೆ ರೇಡಿಯೊದವನು, 'ನೆರಿಯೊ ಗಲಾಸ್ಸಿ ಪಿಟ್ ಒಳಗೆ, ರಿಪೇರಿಯವರ ಹತ್ತಿರ ಬಂದ, ಕಾರಿನಿಂದ ಇಳಿದ, ಬಲ್ದುಚ್ಚಿ ಹತ್ತಿ ಕೂತ' ಎಂದ. ನಾನೂ ಮೇಜಿನಿಂದ ಇಳಿದೆ.

ತಂಡದ ಮುಂದಾಳಿನ ಕಾರು ಕೆಟ್ಟರೆ ಕಿರಿಯವನು ತನ್ನ ಕಾರು ಬಿಟ್ಟುಕೊಡಬೇಕು, ಬಂದ ಅಂಕವನ್ನು ಇಬ್ಬರಿಗೂ ಅರ್ಧರ್ಧ ಹಂಚುತ್ತಾರೆ. ರೇಸಿನವರ ಈ ರೂಢಿ ನನಗೂ ಗೊತ್ತು, ಪಾಠ ಹೇಳಬೇಡ. ಆದರೆ ಸವಿನೊನಿಗೆ ಯಾರು ಪಾಠ ಹೇಳುತ್ತಾರೆ? ಸೋಮವಾರ ಬೆಳಿಗ್ಗೆಯೇ ಬಂದು ಕುರ್ಚಿಯಲ್ಲಿ ಕೂತ. ಇದ್ದಿಲು ಮಾರುವವನ ಮುಖ ತೊಳೆಯಲಿಕ್ಕೇ ಒಂದು ಸೋಪು ಬೇಕು. ನೊರೆಯ ಮಧ್ಯದಿಂದ ಕೇಳಿದ:

"ಅಲ್ಲಾ ಅನ್ಸೆಲ್ಮೊ, ಧಣಿ ಬಂದ ತಕ್ಷಣ ಎದ್ದು ಜಾಗ ಬಿಟ್ಟುಕೊಡೋದನ್ನ ನಿಮ್ಮ ಪಕ್ಷದಲ್ಲೇ ಕಲಿಸ್ತಾರಾ, ಇಲ್ಲಾ ಮನೇಲಿ ಕಲ್ಸಿದ್ದಾ?"

ಅಂಗಡಿಯೆಲ್ಲ ನಕ್ಕಿತು. ಗೋಡೆಯ ಮೇಲಿನ ಕೆಂಪು ಬಾವುಟದ ಕೆಳಗೆ ನಿಂತು ಎಂಟು ವರ್ಷ ಭಾಷಣ ಬಿಗಿದವನು ನಾನು. ಫ್ಯಾಸಿಸ್ಟರು ಬಲವಂತವಾಗಿ ಹರಳೆಣ್ಣೆ ಕುಡಿಸಿ ಹಿಂಸಿಸಿದಾಗಲೂ ಬಗ್ಗದವನು ಸೋಮವಾರ ತಲೆ ಬಗ್ಗಿಸಿ ಸವಿನೊನ ಗಡ್ಡ ಹೆರೆದೆ. ಪತ್ರಿಕೆಯ ಚಿತ್ರದಲ್ಲಿ ಹೂಮಾಲೆ ಬಲ್ದುಚ್ಚಿಯ ಕೊರಳಲ್ಲಿದೆ. ನಿನ್ನದು ಅಂತ ಕಾಣುವುದು ಒಂದು ಮೊಣಕೈ.

ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಮೊನ್ಜಾದಲ್ಲೇ ವರ್ಷದ ಕೊನೆಯ ರೇಸಿದೆ. ಅಲ್ಲಿ ಯಾರು ಕರೆದರೂ ಇಳಿಯಬೇಡ. ನನಗೆ ಮಾತು ಕೊಡು.

ನಿನ್ನ ಅಪ್ಪ,
ಅನ್ಸೆಲ್ಮೊ

ನೆರಿಯೊ, ಕೆಳಗೆ ಜಾಗ ಉಳಿದಿತ್ತು, ನಾನೂ ಎರಡು ಸಾಲು ಬರೆಯುತ್ತಿದ್ದೇನೆ. ಅಪ್ಪನ ಮಾತು ಕೇಳಬೇಡ. ಇಳಿ ಅಂದರೆ ಇಳಿ. ಇಳಿದವರು ಬದುಕಿರುತ್ತಾರೆ. — ಅಮ್ಮ, ಇಯೋಲೆ


ಮಿಲಾನ್
ಜುಲೈ 20, 1953

ಅಪ್ಪಾ,

ಕಾರು ನನ್ನದಲ್ಲ, ತಂಡದ ಒಡೆಯರಾದ ವಕೀಲರದು. ಅದನ್ನು ನೀನು ಸವಿನೊನಿಗೆ ಹೇಳಬಹುದಿತ್ತು.

ಇಳಿದಾಗ ನನಗೇನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರು ಹೊರಟುಹೋದ ಮೇಲೆ ಪಿಟ್‌ನಲ್ಲಿ ನಾನು ಬರಿಗೈಯಲ್ಲಿ ನಿಂತಿದ್ದೆ. ಅಡ್ಡ ನಿಂತಿದ್ದೀಯ ಎಂದು ಯಾರೋ ನನ್ನ ಕೈಗೆ ನೀರಿನ ಬಕೆಟ್ ಕೊಟ್ಟರು. ರೇಸು ಮುಗಿಯುವವರೆಗೂ ಅದನ್ನು ಹಿಡಿದುಕೊಂಡೇ ಇದ್ದೆ.

ಆದರೆ ಬಲ್ದುಚ್ಚಿ ಧಣಿಯಲ್ಲ ಅಪ್ಪಾ. ಕಲ್ಲು ಒಡೆಯುವವನ ಮಗ. ನಲವತ್ತಮೂರು ವರ್ಷ ವಯಸ್ಸು, ಇನ್ನೂ ಒಮ್ಮೆಯೂ ಚಾಂಪಿಯನ್ ಆಗಿಲ್ಲ. ಈ ವರ್ಷ ಪಟ್ಟಕ್ಕೆ ಆ ಇಂಗ್ಲೆಂಡಿನವನಿಗೂ ಇವರಿಗೂ ನೇರ ಪೈಪೋಟಿ. ಇದು ಬಿಟ್ಟರೆ ಇನ್ನಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು.

ನಿನ್ನ ಗೆಳೆಯ ಎಜಿಸ್ತೊ ಮಾವ ಇಲ್ಲಿ ಚೆನ್ನಾಗಿದ್ದಾರೆ. ಒಳಗೆ ಬಾ ಎಂದು ಬರೆದ ಹಲಗೆ ಹಿಡಿದು ನನ್ನನ್ನು ಕರೆದವರೂ ಅವರೇ. ಹಿಡಿದಾಗ ಅವರ ಮುಖ ನೋಡಬೇಕಿತ್ತು, ನನ್ನ ಕಾಲಿಗೇ ಬೀಳುವ ಹಾಗಿತ್ತು. ಸಂಜೆ ನನಗೆ ಒಂದು ಬಾಟಲಿ ವೈನ್ ಕೊಡಿಸಿ, "ಬೈದ್ಬಿಡು ಮಗಾ, ಹೊಟ್ಟೇಲಿ ಇಟ್ಕೋಬೇಡ" ಎಂದರು. ನಾನು ಬೈಯಲಿಲ್ಲ. ಈ ತಂಡದಲ್ಲಿ ನನಗೆ ಕೆಲಸ ಕೊಡಿಸಿದವರಿಗೆ ಏನೆಂದು ಬೈಯಲಿ?

ನೀನು ಕೇಳಿದ ಮಾತು ಕೊಡಲಾರೆ. ಅಮ್ಮನಿಗೆ ಹೇಳು, ಅವಳ ಎರಡು ಸಾಲು ನನ್ನ ಜೇಬಿನಲ್ಲಿದೆ.

ನೆರಿಯೊ


ಸಾನ್ ರುಫಿಲ್ಲೊ
ಆಗಸ್ಟ್ 28, 1953

ನೆರಿಯೊ,

ನಿನ್ನೆ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಯಾರೋ ನನ್ನ ಗಿರಾಕಿ ಕುರ್ಚಿಯ ಮೇಲೆ ರಟ್ಟು ಇಟ್ಟಿದ್ದರು: 'ಧಣಿಗಳಿಗೆ ಮೀಸಲು. ಗಲಾಸ್ಸಿಗಳು ನಿಲ್ಲುವುದು.' ಎರಡು ತಿಂಗಳಾಯಿತು, ಗೇಲಿ ಇನ್ನೂ ನಿಂತಿಲ್ಲ. ಚರ್ಚಿನ ಗಂಟೆ ಹೊಡೆಯುವವನು ಕೂಡ ನನ್ನನ್ನು ಕಂಡರೆ ಟೋಪಿ ತೆಗೆದು, 'ಕೂತ್ಕೊಳ್ಳಿ ಸ್ವಾಮಿ' ಅಂತಾನೆ.

ಒಂದೇ ಮಾತು. ಮೊನ್ಜಾದಲ್ಲಿ ಇಳಿಯದಿದ್ದರೆ ಊರಿಗೆ ಮುಂಬಾಗಿಲಿಂದ ಬಾ. ಇಳಿದರೆ ಹಿತ್ತಲ ಬಾಗಿಲಿದೆ, ಕೋಳಿಗೂಡಿನ ಪಕ್ಕ.

ಅನ್ಸೆಲ್ಮೊ


ಸಾನ್ ರುಫಿಲ್ಲೊ
ಸೆಪ್ಟೆಂಬರ್ 14, 1953

ನೆರಿಯೊ, ನನ್ನ ಮಗನೇ!

ಎರಡನೇ ಸ್ಥಾನ! ಮೊನ್ಜಾದಲ್ಲಿ! ಅದೂ ನಿನ್ನ ಕಾರು, ನಿನ್ನ ಕೈ, ನಿನ್ನ ಹೆಸರು!

ಇವತ್ತು ಊರಿಗೆಲ್ಲ ಪುಕ್ಕಟೆ ಕ್ಷೌರ. ಎರಡು ಸಲ ಬಂದವರೂ ಇದ್ದಾರೆ. ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ. ಬಲ್ದುಚ್ಚಿಯ ಕಾರು ನಿಂತುಹೋಯಿತು ಎಂದಾಗ ಸವಿನೊ ನನ್ನ ಕಡೆ ತಿರುಗಿ, 'ಈಗ ನೋಡು, ಎದ್ದು ನಿಲ್ತಾನೆ' ಎಂದ. ಸುತ್ತಿನ ಮೇಲೆ ಸುತ್ತು ಹೋಯಿತು, ನೀನು ನಿಲ್ಲಲಿಲ್ಲ. 'ಪಿಟ್‌ನಿಂದ ಹಲಗೆ ತೋರಿಸುತ್ತಿದ್ದಾರೆ, ಗಲಾಸ್ಸಿಗೆ ಕಾಣುತ್ತಿಲ್ಲವೇನೋ' ಎಂದ ರೇಡಿಯೊದವನು. ನಾನು ಸವಿನೊನಿಗೆ ಕಣ್ಣು ಹೊಡೆದೆ.

ಬಲ್ದುಚ್ಚಿಗೆ ಪಟ್ಟ ತಪ್ಪಿತಂತೆ, ಪಾಪ. ನಿನ್ನ ಎರಡನೇ ಸ್ಥಾನದ ಅಂಕದಲ್ಲಿ ಅರ್ಧ ಸಿಕ್ಕಿದ್ದರೂ ಸಾಕಾಗುತ್ತಿತ್ತು ಎಂದು ಪತ್ರಿಕೆ ಬರೆದಿದೆ. ಇರಲಿ. ಅವನ ಕಾರು ಕೆಟ್ಟದ್ದಕ್ಕೆ ನೀನೇನು ಮಾಡುತ್ತೀಯ?

ನಿನ್ನಮ್ಮ ರೇಡಿಯೊ ಮುಗಿದ ಮೇಲೆ ಚರ್ಚಿಗೆ ಹೋಗಿ ಬಂದಳು. ನಿನ್ನೆ ಅದಕ್ಕೂ ಮಾಫಿ.

ಮುಂಬಾಗಿಲು ತೆರೆದಿದೆ. ಬೇಗ ಬಾ.

ನಿನ್ನ ಅಪ್ಪ


ಮಿಲಾನ್
ಸೆಪ್ಟೆಂಬರ್ 21, 1953

ಅಪ್ಪಾ,

ಬಾಗಿಲಿಗೆ ಕಟ್ಟಿದ ಬಟ್ಟೆ ಬಿಚ್ಚಿಬಿಡು. ನನಗೆ ಹಲಗೆ ಕಂಡಿತ್ತು.

ನಾಲ್ಕು ಕಾರುಗಳು ಒಂದರ ಬಾಲ ಒಂದು ಹಿಡಿದು ಓಡುತ್ತಿದ್ದೆವು. ಪಿಟ್ ಮುಂದಿನ ನೇರ ದಾರಿಯಲ್ಲಿ ಎಜಿಸ್ತೊ ಮಾವ ತಾವು ಯಾವಾಗಲೂ ನಿಲ್ಲುವ ಜಾಗದಲ್ಲೇ ನಿಂತಿದ್ದರು. ಎರಡೂ ಕೈಯಿಂದ ಹಲಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಕಪ್ಪು ಹಲಗೆ, ಬಿಳಿ ಅಕ್ಷರ. ಮೇಲೆ ನನ್ನ ಹೆಸರು, ಕೆಳಗೆ 'ಒಳಗೆ ಬಾ'. ಅವರ ಹಿಂದೆ ಬಲ್ದುಚ್ಚಿ ಹೆಲ್ಮೆಟ್ ಹಾಕಿ, ಕೈಗವಸು ಹಾಕಿ, ಗೋಡೆಯ ಮೇಲೆ ಒಂದು ಕಾಲಿಟ್ಟು ಸಿದ್ಧವಾಗಿ ನಿಂತಿದ್ದರು.

ಮೊದಲ ಸಲ ಕಂಡಾಗ, ಮುಂದಿನ ಸುತ್ತಿಗೆ ನಿಂತರಾಯಿತು ಅಂದುಕೊಂಡೆ. ಎರಡನೇ ಸಲವೂ ಹಾಗೇ ಅಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳಲಿಲ್ಲ. ಬೇಡದ ನೆಂಟ ಬೀದಿಯಲ್ಲಿ ಎದುರಾದಾಗ ಮುಖ ತಿರುಗಿಸುತ್ತೇವಲ್ಲ, ಹಾಗೆ ತಿರುಗಿಸಿದೆ. ಮಾವ ಇನ್ನೂ ಹಿಡಿದೇ ಇದ್ದರು. ಒಂದು ಸುತ್ತಿನಲ್ಲಿ ನೋಡಿದರೆ ಬಲ್ದುಚ್ಚಿ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದೂ ಕಂಡಿತು.

ರೇಸು ಮುಗಿದ ಮೇಲೆ ಬಲ್ದುಚ್ಚಿಯೇ ಮೊದಲು ನನ್ನ ಹತ್ತಿರ ಬಂದರು. ಕೈ ಕುಲುಕಿ, "ಹಲಗೆ ಕಾಣಿಸ್ಲಿಲ್ವೇನೋ?" ಎಂದು ಕೇಳಿದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಿಜ ಹೇಳುತ್ತಿದ್ದೆನೇನೋ. ನಾನು "ಇಲ್ಲ" ಎಂದೆ. "ಗುಂಪಲ್ಲಿದ್ದೆ, ಎಲ್ಲಿ ಕಾಣುತ್ತೆ, ಹೋಗ್ಲಿ ಬಿಡು" ಎಂದು ಬೆನ್ನು ತಟ್ಟಿ ಹೋದರು. ಅವರಿಗೆ ಇದೇ ಕೊನೆಯ ರೇಸಾಗಿತ್ತು.

ವಕೀಲರು ಅಲ್ಲೇ ನಿಂತು ಕೇಳಿಸಿಕೊಂಡರು. ಮಾರನೆಯ ದಿನ ಎಜಿಸ್ತೊ ಮಾವನನ್ನು ಕರೆದು, ಹಲಗೆ ಹಿಡಿಯಲೂ ಬಾರದವರು ನಮಗೆ ಬೇಡ ಎಂದು ಕೆಲಸದಿಂದ ತೆಗೆದರು. ಪತ್ರಿಕೆಗಳಿಗೂ ಹಾಗೇ ಹೇಳಿದರು. ಮಾವ ಪೆಟ್ಟಿಗೆ ಕಟ್ಟುವಾಗ ನಾನು ವರ್ಕ್‌ಶಾಪಿನಲ್ಲೇ ಇದ್ದೆ. ಸ್ಟೇಷನ್ನಿನವರೆಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಅಷ್ಟು ಮಾಡಿದೆ. ಬಾಯಿ ಮಾತ್ರ ಬಿಡಲಿಲ್ಲ.

ನೀನು ಹೇಳಿದೆ ಅಂತ ನಾನು ನಿಲ್ಲದೆ ಹೋದದ್ದಲ್ಲ ಅಪ್ಪಾ. ಹಾಗೆ ಅಂದುಕೊಂಡು ಸಂಕಟಪಡಬೇಡ, ಹಿಗ್ಗಲೂ ಬೇಡ. ಅಲ್ಲಿ ನಿನ್ನ ನೆನಪೇ ಬರಲಿಲ್ಲ. ಕಾರು ಚೆನ್ನಾಗಿ ಓಡುತ್ತಿತ್ತು, ಬಿಡಲು ಮನಸ್ಸಾಗಲಿಲ್ಲ, ಅಷ್ಟೇ.

ನಾಚಿಕೆಯಾಗುತ್ತಿದೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಿಲ್ಲ.

ನೆರಿಯೊ


ಸಾನ್ ರುಫಿಲ್ಲೊ
ಅಕ್ಟೋಬರ್ 5, 1953

ನೆರಿಯೊ,

ನಿನ್ನ ಕಾಗದ ಓದಿ ಬಾಗಿಲಿನ ಬಟ್ಟೆ ಬಿಚ್ಚಿದೆ, ಉತ್ತರ ಬರೆದಿರಲಿಲ್ಲ. ಶನಿವಾರ ಎಜಿಸ್ತೊ ಅಂಗಡಿಗೆ ಬಂದ. ಆಮೇಲೆ ಬರೆಯದೆ ಇರಲು ಆಗುತ್ತಿಲ್ಲ.

ಸಕ್ಕರೆ ಕಾರ್ಖಾನೆಯಲ್ಲಿ ಬೀಟ್‌ಗೆಡ್ಡೆಯ ಗಾಡಿ ಇಳಿಸುವ ಕೆಲಸ ಹಿಡಿದಿದ್ದಾನೆ. ಐವತ್ತೆಂಟರ ವಯಸ್ಸಿನಲ್ಲಿ, ಹುಡುಗರ ಜೊತೆ, ಮಣ್ಣು ಮೆತ್ತಿಕೊಂಡು. ಬಂದು ಕುರ್ಚಿಯಲ್ಲಿ ಕೂತ. ನಾನು ನೊರೆ ಹಚ್ಚಿದೆ. ಆಗ ಅವನು, ನಿನ್ನ ಜ್ಞಾನಸ್ನಾನದ ದಿನ ಜ್ಞಾನತಂದೆಯಾಗಿ ನಿನ್ನನ್ನು ಎತ್ತಿಕೊಂಡು ನಿಂತವನು, ನನ್ನ ಹತ್ತಿರ ಕ್ಷಮೆ ಕೇಳಿದ.

"ಅನ್ಸೆಲ್ಮೊ, ನನ್ನಿಂದ ಹುಡುಗನಿಗೆ ಕೆಟ್ಟ ಹೆಸರು ಬಂತು ಕಣೋ. ಹಿರಿಯರ ಮಾತು ಕೇಳದೋನು ಅಂತ ಮಿಲಾನಲ್ಲಿ ಆಡ್ಕೋತಾರೆ. ತಪ್ಪು ನಂದು. ಈ ಬಲಗೈ ಮಣಿಕಟ್ಟು ಮುರಿದ ಮೇಲೆ ನಡುಗುತ್ತೆ, ನಿಂಗೊತ್ತಲ್ಲ. ಹಲಗೆ ವಾಲಿರ್ಬೇಕು."

"ನೀನು ನೆಟ್ಟಗೇ ಹಿಡಿದಿರ್ತೀಯ ಬಿಡೋ," ಅಂದೆ. ಅಷ್ಟೇ ಅಂದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ. ದೇವರಾಣೆ, ನೆಟ್ಟಗೆ ಹಿಡಿದಿದ್ದೀನಿ ಅಂತಾನೇ ಅನ್ನಿಸ್ತಿತ್ತು. ಆದ್ರೆ ನೆರಿಯೊ ಕಾಣ್ಲಿಲ್ಲ ಅಂದ್ನಲ್ಲ. ಅವನೇನು ಸುಳ್ಳು ಹೇಳೋ ಹುಡುಗನಾ? ಇವಾಗ ಹಿತ್ತಲಲ್ಲಿ ಬಾಗಿಲ ಹಲಗೆ ಎತ್ತಿ ಹಿಡಿದು ಹೆಂಡ್ತಿ ಆರ್ಜಿಯಾನ ದೂರ ನಿಲ್ಲಿಸಿ ಕೇಳ್ತೀನಿ, ವಾಲಿದ್ಯಾ ನೋಡೇ ಅಂತ. ಅವಳು ಇಲ್ಲ ಅಂತಾಳೆ. ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಹೇಳ್ತಾಳೋ ಏನೋ."

ನಾನು ಕತ್ತಿಯನ್ನು ಅವನ ಗದ್ದದ ಕೆಳಗೆ ಇಟ್ಟು, "ಮಾತಾಡ್ಬೇಡ, ಕುಯ್ದುಹೋಗುತ್ತೆ" ಎಂದೆ. ಈ ಕಸುಬಿಗೆ ಬಂದ ಮೇಲೆ ಗಿರಾಕಿಯ ಬಾಯಿ ಮುಚ್ಚಿಸಲು ಕತ್ತಿ ಬಳಸಿದ್ದು ಇದೇ ಮೊದಲು.

ನಾನು ಕಾರ್ಮಿಕರು ಕಾರ್ಮಿಕರು ಎಂದು ಗಂಟಲು ಹರಿದುಕೊಂಡವನು. ಒಬ್ಬ ಕಾರ್ಮಿಕನನ್ನು ಧಣಿ ಅನ್ಯಾಯವಾಗಿ ಬೀದಿಗೆ ತಳ್ಳಿದ್ದಾನೆ, ಅವನು ನನ್ನ ಕುರ್ಚಿಯಲ್ಲೇ ಕೂತಿದ್ದಾನೆ, ನಿಜ ನನ್ನ ಹೊಟ್ಟೆಯಲ್ಲಿದೆ. ನಾನು ಅವನ ಮೀಸೆ ಸರಿಮಾಡಿ ಕಳಿಸಿದೆ. ಹೋಗುವಾಗ ಕೈ ಹಿಡಿದು, "ಹುಡುಗನಿಗೆ ಕೇಳ್ದೆ ಅಂತ ಹೇಳು" ಎಂದ.

ನೆರಿಯೊ, ನೀನು ವಕೀಲರ ಹತ್ತಿರ ಹೋಗಿ ನಿಜ ಹೇಳು.

ಅಪ್ಪ


ಮಿಲಾನ್
ಅಕ್ಟೋಬರ್ 14, 1953

ಅಪ್ಪಾ,

ನವೆಂಬರ್ 11ರ ಸಾನ್ ಮಾರ್ತಿನೊ ಹಬ್ಬದವರೆಗೆ ತಡೆದುಕೋ. ಆ ದಿನ ವಕೀಲರು ಮುಂದಿನ ವರ್ಷದ ಕರಾರಿಗೆ ಸಹಿ ಹಾಕಿಸುತ್ತಾರೆ. ಬಲ್ದುಚ್ಚಿ ನಿವೃತ್ತರಾದರು, ಅವರ ಜಾಗಕ್ಕೆ ನಾನು ಎಂದು ಮಾತಾಗಿದೆ. ತಂಡದ ಮುಂದಾಳಾದ ಮೇಲೆ ನನ್ನ ಮಾತಿಗೆ ಬೆಲೆ ಇರುತ್ತದೆ, ಮಾವನನ್ನು ನಾನೇ ವಾಪಸು ಕರೆಸುತ್ತೇನೆ. ಈಗ ಹೇಳಿದರೆ ನಾನೂ ಹೋಗುತ್ತೇನೆ, ಮಾವನಿಗೂ ಕೆಲಸ ಸಿಗುವುದಿಲ್ಲ. ಇಬ್ಬರೂ ಬೀಟ್‌ಗೆಡ್ಡೆ ಇಳಿಸಬೇಕಾಗುತ್ತದೆ.

ಇದು ಲೆಕ್ಕಾಚಾರದ ಮಾತು ಎಂದು ನೀನು ಅನ್ನುತ್ತೀಯ. ಹೌದು. ಆದರೆ ತಪ್ಪು ಲೆಕ್ಕವಲ್ಲ.

ಮಾವ ಹಿತ್ತಲಲ್ಲಿ ಹಲಗೆ ಹಿಡಿಯುವ ವಿಷಯ ಬರೆದೆಯಲ್ಲ, ಅದನ್ನು ಬರೆಯಬಾರದಿತ್ತು.

ನೆರಿಯೊ


ಸಾನ್ ರುಫಿಲ್ಲೊ
ಅಕ್ಟೋಬರ್ 30, 1953

ನೆರಿಯೊ,

ತಡೆದುಕೊಂಡೆ. ತಂದೆಯಲ್ಲವೇ, ನಿನ್ನ ಲೆಕ್ಕ ನನಗೂ ಸರಿ ಅನ್ನಿಸಿತು. ಅದನ್ನು ಹೇಳಿಕೊಳ್ಳಲು ಇನ್ನೂ ನಾಚಿಕೆಯಾಗುತ್ತದೆ. ಎಜಿಸ್ತೊ ಪ್ರತಿ ಶನಿವಾರ ಬರುತ್ತಾನೆ. ನಾನು ಗಡ್ಡ ಹೆರೆದು ಕಳಿಸುತ್ತೇನೆ.

ಆದರೆ ಈಗ ವಿಷಯ ನನ್ನ ಕೈ ಮೀರಿದೆ. ನಮ್ಮ ಪಕ್ಷದ ಕಾರ್ಯದರ್ಶಿ ದೆಲ್ಮೊ ನಿನ್ನೆ ಅಂಗಡಿಗೆ ಬಂದು, "ಅನ್ಸೆಲ್ಮೊ, ಎಜಿಸ್ತೊನ ವಿಷಯಕ್ಕೆ ಸುಮ್ನಿರೋಕಾಗಲ್ಲ. ಎಂಟನೇ ತಾರೀಕು ಭಾನುವಾರ ಸಭೆ ಇಟ್ಟಿದೀವಿ. ಮಿಲಾನಿನ ಧಣಿಗೆ ಬಿಸಿ ಮುಟ್ಟಿಸ್ಬೇಕು. ಅಧ್ಯಕ್ಷತೆ ನಿಂದೇ" ಎಂದ. ಎಜಿಸ್ತೊ ಬೇಡವೇ ಬೇಡ ಎನ್ನುತ್ತಿದ್ದಾನೆ, ತಪ್ಪು ತನ್ನದೇ ಅಂತೆ. 'ಪಾಪ, ಅವನಿಗೆ ಹೆದರಿಕೆ' ಎಂದು ದೆಲ್ಮೊ ಇನ್ನಷ್ಟು ಬಿಸಿಯಾದ.

ಆ ಸಭೆಯಲ್ಲಿ ನಾನು ಎದ್ದು ನಿಂತು ಏನು ಹೇಳಲಿ? ಧಣಿ ಮೋಸಗಾರ ಎನ್ನಲೇ? ಧಣಿಗೆ ಸುಳ್ಳು ಹೇಳಿದವನು ನನ್ನ ಮಗ. ನೀನು ಅದಕ್ಕೆ ಮುಂಚೆ ವಕೀಲರಿಗೆ ಹೇಳಿ, ಎಜಿಸ್ತೊನಿಗೆ ಎರಡು ಸಾಲು ಬರೆ. ಕಾಯುತ್ತೇನೆ. ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿರುತ್ತೇನೆ.

ಅಪ್ಪ


ಸಾನ್ ರುಫಿಲ್ಲೊ
ನವೆಂಬರ್ 9, 1953

ನೆರಿಯೊ,

ನಿನ್ನ ಕಾಗದ ಬರಲಿಲ್ಲ. ನಿನ್ನೆ ನಾನೇ ಹೇಳಿಬಿಟ್ಟೆ.

ಪಕ್ಷದ ಮನೆ ತುಂಬಿತ್ತು. ಒಲೆಯ ಮೇಲೆ ಚೆಸ್ಟ್‌ನಟ್ ಬೀಜ ಹುರಿಯುತ್ತಿದ್ದರು, ಹೊಸ ವೈನ್ ಬಂದಿತ್ತು. ಸಭೆಯೋ ಹಬ್ಬವೋ ತಿಳಿಯದ ಹಾಗಿತ್ತು. ಎಜಿಸ್ತೊನನ್ನು ಬಲವಂತವಾಗಿ ಕರೆತಂದು ಆರ್ಜಿಯಾಳ ಜೊತೆ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವನು ಟೋಪಿ ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ದೆಲ್ಮೊ ಅರ್ಧ ಗಂಟೆ ಗುಡುಗಿದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

ನಾನು ಎದ್ದು ನಿಂತೆ. ಭಾಷಣ ಬರೆದುಕೊಂಡಿರಲಿಲ್ಲ. "ಧಣಿಗೆ ಬೈಯೋಕೆ ನನಗೆ ಬಾಯಿಲ್ಲ" ಎಂದೆ. "ನನ್ನ ಮಗನಿಗೆ ಹಲಗೆ ಕಂಡಿತ್ತು. ಕಂಡೂ ನಿಲ್ಲಿಸ್ಲಿಲ್ಲ. ಕಾಣ್ಲಿಲ್ಲ ಅಂತ ಸುಳ್ಳು ಹೇಳ್ದ. ಇಳಿಬೇಡ ಅಂತ ಅವನ ತಲೆ ತಿಂದೋನು ನಾನು. ಇದು ನನಗೆ ಸೆಪ್ಟೆಂಬರಿಂದ ಗೊತ್ತು. ಗೊತ್ತಿದ್ದೂ ಎಜಿಸ್ತೊನ ಗಡ್ಡ ಮಾಡ್ತಿದ್ದೆ."

ಕಾವಲಿಯ ಮೇಲೆ ಚೆಸ್ಟ್‌ನಟ್ ಸೀಯುತ್ತಿತ್ತು, ಯಾರೂ ತೆಗೆಯಲಿಲ್ಲ. ಎಜಿಸ್ತೊ ತಲೆ ಎತ್ತಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹೆಸರು ಓದೋಕಾಯ್ತಾ ಅವನಿಗೆ?" ಎಂದು ಕೇಳಿದ.

"ಆಯ್ತು," ಅಂದೆ.

"ವಾಲಿರ್ಲಿಲ್ಲ?"

"ಇಲ್ಲ ಕಣೋ. ನೆಟ್ಟಗಿತ್ತು."

ಅವನು ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡ. ಟೋಪಿ ಹಾಕಿಕೊಂಡು ಎದ್ದು ಹೊರಟುಹೋದ. ಆರ್ಜಿಯಾ ಮಾತ್ರ ಕೂತೇ ಇದ್ದಳು, ನನ್ನನ್ನೇ ನೋಡುತ್ತ. "ಎರಡು ತಿಂಗಳಿಂದ ನಿದ್ದೆ ಮಾಡಿಲ್ಲ ಅನ್ಸೆಲ್ಮೊ, ನನ್ನ ಗಂಡ," ಎಂದಳು. ಆಮೇಲೆ ಅವಳೂ ಹೋದಳು.

ಇವತ್ತು ಗಿರಾಕಿಗಳು ಬಂದರು. ಕೂತರು, ಎದ್ದು ಹೋದರು. ಸವಿನೊ ಕೂಡ ಒಂದು ಕುಟುಕು ಮಾತಾಡಲಿಲ್ಲ. ಆ ಇದ್ದಿಲಿನವನು ನನ್ನ ಮೇಲೆ ಕರುಣೆ ತೋರಿಸುವ ಗತಿ ಬಂತು. ಎಜಿಸ್ತೊನ ಮನೆ ಚೌಕದ ಆಚೆ ಬದಿಗಿದೆ, ಅಂಗಡಿಯಿಂದ ಬಾಗಿಲು ಕಾಣುತ್ತದೆ. ಹೋಗಿ ತಟ್ಟಬೇಕು. ಇನ್ನೂ ಹೋಗಿಲ್ಲ.

ಈ ವಿಷಯ ಮಿಲಾನಿಗೆ ಮುಟ್ಟುತ್ತದೆ. ನಿನ್ನ ಜಾಗ ಹೋಗುತ್ತದೆ ಎಂದು ತಿಳಿದೇ ಹೇಳಿದ್ದೇನೆ. ನಿನ್ನನ್ನು ಕೇಳದೆ ಹೇಳಿದೆ, ಅದಕ್ಕೆ ಬೈಯಬೇಕೆನಿಸಿದರೆ ಬೈ. ಮನೆಗೆ ಬಾ. ಯಾವ ಬಾಗಿಲಿಂದಾದರೂ ಬಾ. ಆ ಮಾತು ನಾನು ಆಡಬಾರದಿತ್ತು.

ನಿನ್ನ ಅಪ್ಪ,
ಅನ್ಸೆಲ್ಮೊ


ಮಿಲಾನ್
ನವೆಂಬರ್ 22, 1953

ಅಪ್ಪಾ,

ನಿನ್ನ ಕಾಗದ ಹಬ್ಬದ ದಿನ ಬೆಳಿಗ್ಗೆಯೇ ಬಂತು. ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಹೋಯಿತು. ಇನ್ನೇನು ಉಳಿಯಿತು ಎಂದು ಅದನ್ನು ಜೇಬಿಗೆ ಹಾಕಿಕೊಂಡು ನೇರ ವಕೀಲರ ಹತ್ತಿರ ಹೋದೆ. ಅವರು ಊಟ ಮಾಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಹಲಗೆ ಕಂಡಿತ್ತು, ಮಾವನದು ತಪ್ಪಿಲ್ಲ, ನಾನು ಸುಳ್ಳು ಹೇಳಿದೆ ಎಂದೆ.

ಅವರು ಬಾಯಿ ಒರೆಸಿಕೊಂಡರು.

"ಗೊತ್ತಪ್ಪಾ. ನಾನು ಆ ಮನುಷ್ಯನ ಪಕ್ಕದಲ್ಲೇ ನಿಂತಿದ್ದೆ. ನೀನು ಹಲಗೆ ನೋಡಿದ್ದನ್ನೂ ನಾನು ನೋಡಿದೆ, ಮುಖ ತಿರುಗಿಸಿದ್ದನ್ನೂ ನೋಡಿದೆ."

"ಮತ್ತೆ ಅವರನ್ನ ಯಾಕೆ ತೆಗೆದ್ರಿ?"

"ಯಾರನ್ನಾದ್ರೂ ತೆಗೀಬೇಕಿತ್ತಲ್ಲ. ಪತ್ರಿಕೆಯವರು ಬಾಗಿಲಲ್ಲೇ ನಿಂತಿದ್ರು. ಹಲಗೆ ಹಿಡಿಯೋರು ಬೇಕಾದಷ್ಟು ಜನ ಸಿಗ್ತಾರೆ. ನಿನ್ನ ಕಳಿಸಿದ್ರೆ ಕಾರು ಯಾರು ಓಡಿಸ್ತಾರೆ? ಕೂತ್ಕೋ, ಊಟ ಮಾಡು."

ಮಾವನನ್ನು ವಾಪಸು ಕರೆಸಿ ಎಂದು ಕೇಳಿದೆ. ಎರಡು ಸಲ ಕೇಳಿದೆ. "ಇಷ್ಟೆಲ್ಲ ಆದ ಮೇಲೆ ಅವನು ದಿನಾ ಎದುರಿಗೆ ನಿಂತ್ರೆ ನನಗೂ ಮುಜುಗರ, ನಿನಗೂ ಮುಜುಗರ" ಎಂದರು. ಆಮೇಲೆ ತಟ್ಟೆ ಪಕ್ಕಕ್ಕೆ ಸರಿಸಿ ಕರಾರಿನ ಕಾಗದ ಮುಂದಿಟ್ಟರು.

ನನ್ನ ಜಾಗ ಹೋಗಲಿಲ್ಲ ಅಪ್ಪಾ. ನಿಜ ಹೇಳಿದ್ದಕ್ಕೆ ನಾನು ಕಳೆದುಕೊಂಡದ್ದು ಏನೂ ಇಲ್ಲ. ಕಳೆದುಕೊಳ್ಳಬೇಕಿದ್ದರೆ ನಾನೇ ಎದ್ದು ಬರಬೇಕಿತ್ತು, ಬಾಗಿಲು ತೆರೆದೇ ಇತ್ತು. ನಾನು ಸಹಿ ಹಾಕಿದೆ.

ಮಾವನಿಗೆ ನಾಲ್ಕು ಸಲ ಕಾಗದ ಬರೆಯಲು ಕೂತೆ. ಸಹಿ ಹಾಕಿದ ಕೈಯಿಂದ ಅದನ್ನು ಬರೆಯಲಾಗುತ್ತಿಲ್ಲ. ವಕೀಲರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅವರಿಗೆ ಹೇಳಬೇಕೋ ಬೇಡವೋ, ನೀನೇ ತೀರ್ಮಾನ ಮಾಡು. ನೀನು ಅವರ ಬಾಗಿಲು ತಟ್ಟಿದೆಯೋ ಇಲ್ಲವೋ, ಅದನ್ನೂ ಬರೆ.

ನಿನ್ನೆ ಮೊನ್ಜಾದಲ್ಲಿ ಹೊಸ ಕಾರಿನ ಪರೀಕ್ಷೆ ಇತ್ತು. ಹಲಗೆ ಹಿಡಿಯಲು ಬೆರ್ಗಾಮೊ ಕಡೆಯವನೊಬ್ಬ ಬಂದಿದ್ದಾನೆ. ಮೂರು ಮಕ್ಕಳ ತಂದೆ, ಬಹಳ ವಿನಯದ ಮನುಷ್ಯ. ನಾನು ಕಾರು ಹತ್ತುವ ಮುಂಚೆ ಹಲಗೆ ಹಿಡಿದುಕೊಂಡು ಓಡಿಬಂದ.

"ಸಾರ್, ಎಷ್ಟು ಎತ್ತರ ಹಿಡಿದ್ರೆ ನಿಮಗೆ ಚೆನ್ನಾಗಿ ಕಾಣುತ್ತೆ? ಹಿಂದಿನೋನಿಗೆ ಸರಿಯಾಗಿ ಹಿಡಿಯೋಕೆ ಬರ್ತಿರ್ಲಿಲ್ಲವಂತಲ್ಲ, ನನ್ನಿಂದ ಹಾಗಾಗಬಾರದು."

ವಕೀಲರು, ಮೆಕ್ಯಾನಿಕ್‌ಗಳು ಎಲ್ಲರೂ ಅಲ್ಲೇ ಇದ್ದರು. ನಾನು ಅವನ ಮೊಣಕೈ ಹಿಡಿದು ಹಲಗೆಯನ್ನು ಮೇಲಕ್ಕೆತ್ತಿಸಿ, "ಇಷ್ಟು" ಎಂದೆ. ಅದು ಎಜಿಸ್ತೊ ಮಾವ ಹಿಡಿಯುತ್ತಿದ್ದ ಎತ್ತರವೇ. ಆ ಮಾತೊಂದನ್ನು ಅವನಿಗೆ ಹೇಳಲಿಲ್ಲ.

ನೆರಿಯೊ